ಹಾರ್ಸ್‌ಬಾಕ್ಸಿಗೆ ಹಿಂಭಾರ ಹಾಕಿದ್ದು

ಇದನ್ನು ಹೇಳಬೇಕೆಂದು ಏಳು ವರ್ಷಗಳಿಂದ ಅಂದುಕೊಳ್ಳುತ್ತ, ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಮೊದಲ ವರ್ಷ, ಗಾಯ ಇನ್ನೂ ಹಸಿಯಾಗಿದೆ, ಈಗಲೇ ಬೇಡ ಎಂದುಕೊಂಡೆ. ಆಮೇಲೆ, ಎಲ್ಲರೂ ಮರೆತಿರುವಾಗ ಕೆದಕುವುದೇಕೆ ಎಂದುಕೊಂಡೆ. ಹೆಂಡತಿ ತೀರಿಕೊಂಡ ಮೇಲೆ, ಹೇಳಿಬಿಡಿ ಎಂದು ಒತ್ತಾಯಿಸುವವರೇ ಇಲ್ಲದಂತಾಯಿತು. ಆದರೆ ಯಾರೂ ಮರೆತಿರಲಿಲ್ಲ. ನಾನು ಮಾಡಿದ ಒಂದು ತಪ್ಪನ್ನು ಇನ್ನೊಬ್ಬರು ತಮ್ಮದೆಂದು ನಂಬಿಕೊಂಡು ಏಳು ವರ್ಷ ತಲೆ ತಗ್ಗಿಸಿ ಬದುಕಿದ್ದಾರೆ. ಹೋದ ಶನಿವಾರ ಮನೆಯವರೆಲ್ಲ ಸೇರಿ ಗಾಡಿ ನೋಡಲು ಹೋದಾಗ ಅದು ನನಗೆ ಚೆನ್ನಾಗಿ ಕಂಡಿತು.

ಜಟಕಾದಿಂದ ಶುರುಮಾಡಬೇಕು. ತಪ್ಪು ಬಂದದ್ದು ಅಲ್ಲಿಂದಲೇ.

ನಮ್ಮಪ್ಪ ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದ. ರೈಲ್ವೆ ಸ್ಟೇಷನ್ನಿನ ಮುಂದೆ ಮರಗಳ ನೆರಳಿನಲ್ಲಿ ಜಟಕಾಗಳು ಸಾಲಾಗಿ ನಿಲ್ಲುತ್ತಿದ್ದವು. ನಮ್ಮದು ಬೂದು ಬಣ್ಣದ ಕುದುರೆ. ಗಾಡಿಯೊಳಗೆ ದಪ್ಪಗೆ ಹುಲ್ಲು ಹಾಸಿ, ಅದರ ಮೇಲೆ ಗೋಣಿತಾಟು, ಅದರ ಮೇಲೆ ಕೆಂಪು ಪಟ್ಟೆಯ ಜಮಖಾನ. ಭಾನುವಾರ ಅಮ್ಮ ಆ ಜಮಖಾನವನ್ನು ಒಗೆದು ಒಣಹಾಕಿದರೆ ಬೀದಿಗೆಲ್ಲ ಕುದುರೆಯ ವಾಸನೆ. ಬೇಯಿಸಿದ ಹುರುಳಿಯ ವಾಸನೆ, ಬೆವರಿದ ಚರ್ಮದ ಪಟ್ಟಿಗಳ ವಾಸನೆ, ಅಪ್ಪನ ಬೀಡಿಯ ವಾಸನೆ, ಈ ಮೂರೂ ಸೇರಿದರೆ ನನ್ನ ಮಟ್ಟಿಗೆ ಸಂಜೆಯಾಯಿತು ಎಂದು ಅರ್ಥ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಎರಡು ವರ್ಷ ನಾನೂ ಆ ಗಾಡಿ ಹೊಡೆದೆ. ನನ್ನ ಬದುಕಿನಲ್ಲಿ ಯಾರ ಕೈಕೆಳಗೂ ಇಲ್ಲದೆ ದುಡಿದದ್ದು ಆ ಎರಡೇ ವರ್ಷ.

ಜಟಕಾ ಎರಡು ಚಕ್ರದ ಗಾಡಿ. ಅದರಲ್ಲಿ ಗುಟ್ಟಿರುವುದು ಭಾರವನ್ನು ಹಂಚುವುದರಲ್ಲಿ. ಕುಳಿತವರು ಮುಂದಕ್ಕೆ ಸರಿದರೆ ಮುಂಭಾರ, ಕುದುರೆಯ ಎರಡು ಪಕ್ಕದ ಮೂಕಿಮರಗಳು ಕೆಳಗೆ ಜಗ್ಗಿ ಕುದುರೆಯ ಬೆನ್ನನ್ನು ಒತ್ತುತ್ತವೆ. ಹಿಂದಕ್ಕೆ ಸರಿದರೆ ಹಿಂಭಾರ, ಮೂಕಿಗಳು ಮೇಲೆದ್ದು ಹೊಟ್ಟೆಯ ಪಟ್ಟಿ ಬಿಗಿಯುತ್ತದೆ. ಅಪ್ಪ ಗಾಡಿ ಹತ್ತುವವರ ಮೈಕಟ್ಟು ನೋಡಿಯೇ ಯಾರು ಎಲ್ಲಿ ಕೂರಬೇಕೆಂದು ಹೇಳುತ್ತಿದ್ದ. ಒಮ್ಮೆ ದೊಡ್ಡ ಮನೆತನದ ಹೆಂಗಸೊಬ್ಬರು ಮುಂದೆಯೇ ಕೂರುತ್ತೇನೆಂದು ಹಟ ಹಿಡಿದರು. ಅಪ್ಪ ಲಗಾಮು ಕೆಳಗಿಟ್ಟು, "ಅಮ್ಮಾವ್ರೇ, ಒಂದು ಗೇಣು ಹಿಂದಕ್ಕೆ ಸರೀರಿ. ಇದು ಕುದುರೆ, ನಿಮ್ಮನೆ ಸೊಸೆ ಅಲ್ಲ, ಎಷ್ಟು ಹೇರಿದ್ರೂ ಹೊರೋಕೆ" ಎಂದ. ಅವರ ಜೊತೆಗಿದ್ದ ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು ನನಗೆ ಇನ್ನೂ ನೆನಪಿದೆ.

ಮುಂಭಾರ ಪಾಪ, ಹಿಂಭಾರ ಪರವಾಗಿಲ್ಲ ಎನ್ನುವುದು ಅಪ್ಪನ ನಿಯಮ. ಬೆನ್ನ ಮೇಲೆ ಭಾರ ಬೀಳದ ಕುದುರೆ ಹತ್ತು ವರ್ಷ ಹೆಚ್ಚು ಬಾಳುತ್ತದೆ ಎನ್ನುತ್ತಿದ್ದ. ನಾನು ಅದನ್ನು ಬರೀ ಕೇಳಿ ಕಲಿತದ್ದಲ್ಲ, ಕೈಗೆ ಬಂದದ್ದು.

ಆಟೋಗಳು ಹೆಚ್ಚಿ ಜಟಕಾಕ್ಕೆ ಗಿರಾಕಿ ಇಲ್ಲವಾದಾಗ ನಾನು ರೇಸ್ ಕುದುರೆಗಳ ಲಾಯದಲ್ಲಿ ಸೈಸನಾಗಿ ಸೇರಿದೆ. ಕುದುರೆ ಮಾಲಿಷ್ ಮಾಡುವುದು, ನಡೆಸುವುದು, ನೀರು ಮೇವು ನೋಡುವುದು, ಇದೇ ಕೆಲಸದಲ್ಲಿ ಇಪ್ಪತ್ತೈದು ವರ್ಷ ಕಳೆಯಿತು. ಅಲ್ಲಿ ಪರಿಚಯವಾದವರೊಬ್ಬರ ಮಾತಿನಿಂದ ಐರ್ಲೆಂಡಿನ ಕಿಲ್ಡೇರಿಗೆ ಬಂದೆ. ಜೊತೆಗೆ ಹೆಂಡತಿ, ಇನ್ನೂ ಹಾಲುಹಲ್ಲು ಬೀಳದ ಮಗಳು. ತಡವಾಗಿ ಹುಟ್ಟಿದ ಒಬ್ಬಳೇ ಮಗಳು.

ಮೊದಲ ಚಳಿಗಾಲ ಹೆಂಡತಿ ಅತ್ತಳು. ನಾನು ಅಳಲಿಲ್ಲ. ಬೆಳಗ್ಗೆ ಲಾಯದ ಬಾಗಿಲು ತೆರೆದರೆ ಅದೇ ವಾಸನೆ, ಅದೇ ಮೂಗಿನ ಉಸಿರು. ಇಲ್ಲಿಯ ಕುದುರೆಗಳಿಗೂ ನಾನು ಕನ್ನಡದಲ್ಲೇ ಮಾತಾಡುತ್ತಿದ್ದೆ, ಅವಕ್ಕೂ ತಿಳಿಯುತ್ತಿತ್ತು. ಮಂಜು ಕವಿದ ಬಯಲಿನಲ್ಲಿ ಹತ್ತಾರು ಕುದುರೆಗಳು ಒಟ್ಟಿಗೆ ಓಡುವಾಗ ಮೊದಲು ಸದ್ದು ಕೇಳಿಸುತ್ತದೆ, ಕುದುರೆ ಆಮೇಲೆ ಕಾಣಿಸುತ್ತದೆ. ಬೇಲಿಗೆ ಒರಗಿ ಅದನ್ನು ಕೇಳುತ್ತ ನಿಂತು ಎಷ್ಟೋ ಸಲ ಚಹಾ ಆರಿಹೋಗಿದೆ. ಮಗಳು ಶಾಲೆ ಬಿಟ್ಟವಳು ನೇರ ಲಾಯಕ್ಕೆ ಬರುತ್ತಿದ್ದಳು. ಅವಳು ಬೆಳೆದದ್ದು ಕುದುರೆಗಳ ಕಾಲ ನಡುವೆಯೇ. ದೊಡ್ಡವಳಾಗಿ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ನರ್ಸ್ ಆದಳು. ಅಲ್ಲಿಗೆ ಬಂದ, ಯಾರಿಗೂ ಬೇಡವಾದ ಒಂದು ಕಂದು ಬಣ್ಣದ ಹೆಣ್ಣುಕುದುರೆಯನ್ನು ಮನೆಗೆ ತಂದು, ಅದಕ್ಕೆ ಬೇಲಿ ಹಾರುವುದನ್ನು ಕಲಿಸಿದಳು. ಮಗಳೂ ಆ ಕುದುರೆಯೂ ಒಬ್ಬರಿಗೊಬ್ಬರು ಹೇಳಿ ಮಾಡಿಸಿದ ಹಾಗಿದ್ದರು.

ಅಳಿಯಂದಿರು ಬಂದದ್ದು ಆ ಹೊತ್ತಿಗೆ. ಮೈಸೂರಿನ ಹುಡುಗ, ಎಂಜಿನಿಯರ್. ಲೀಕ್ಸ್‌ಲಿಪ್‌ನ ಚಿಪ್ ತಯಾರಿಸುವ ಕಾರ್ಖಾನೆಗೆ ಕೆಲಸದ ಪರ್ಮಿಟ್ ಮೇಲೆ ಬಂದವರು. ಯುಗಾದಿಯ ಒಂದು ಊಟದಲ್ಲಿ ಮಗಳನ್ನು ಕಂಡರು. ಅವರ ತಾತ ನಮ್ಮಪ್ಪನ ಜಟಕಾದಲ್ಲಿ ಕೂತಿದ್ದರೂ ಇರಬಹುದು ಎಂದು ನಾನು ಹೇಳಿದಾಗ, "ಹಾಗಿದ್ರೆ ನಮ್ಮ ತಾತ ಚೌಕಾಸಿ ಮಾಡಿರ್ತಾರೆ ಮಾವ, ಅದಕ್ಕೆ ಈಗಲೇ ಸಾರಿ" ಎಂದು ನಕ್ಕರು. ಒಳ್ಳೆಯ ಮನುಷ್ಯ. ಕುದುರೆ ಕಂಡರೆ ಮೊದಮೊದಲು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮಗಳಿಗಾಗಿ ಕಸ ಬಳಿಯುವುದನ್ನೂ ಲಗಾಮು ಹಿಡಿಯುವುದನ್ನೂ ಕಲಿತರು. ಅದಷ್ಟೇ ಅಲ್ಲ, ದೊಡ್ಡ ಟ್ರೇಲರ್ ಎಳೆಯಲು ಇಲ್ಲಿ ಬೇರೆಯೇ ಪರೀಕ್ಷೆ ಕೊಡಬೇಕು. ಅದಕ್ಕೂ ತರಬೇತಿ ಪಡೆದು ಮೊದಲನೇ ಸಲಕ್ಕೇ ಪಾಸಾದರು.

ಕುದುರೆ ಸಾಗಿಸುವ ಟ್ರೇಲರನ್ನು ಇಲ್ಲಿಯವರು ಹಾರ್ಸ್‌ಬಾಕ್ಸ್ ಎನ್ನುತ್ತಾರೆ. ಎರಡು ಕುದುರೆ ಹಿಡಿಸುವ ಹಳೆಯದೊಂದು ಸಿಕ್ಕಿತ್ತು. ಅದನ್ನು ಎಳೆಯಲೂ ಆಗಬೇಕು, ದಿನವೂ ಕೆಲಸಕ್ಕೆ ಹೋಗಿಬರಲೂ ಆಗಬೇಕು, ಅಂಥ ಒಂದು ಗಾಡಿ ಬೇಕಾಗಿತ್ತು. ಅಡುಗೆಮನೆಯ ಮೇಜಿನ ಸುತ್ತ ಮೂರು ವಾರ ಇದೇ ಮಾತು. ಅಳಿಯಂದಿರ ಮನಸ್ಸು ಜೀಪಿನ ಮೇಲಿತ್ತು. ನಾಲ್ಕೂ ಚಕ್ರ ಎಳೆಯುವ ಎತ್ತರದ ಗಾಡಿ ಯಾವುದಾದರೂ ಇಲ್ಲಿ ಅದು ಜೀಪೇ. ಅವರು ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿದ್ದರು. ಖಾಲಿ ಬಾಕ್ಸಿನ ತೂಕ, ಕುದುರೆಯ ತೂಕ, ಸಾಮಾನಿನ ತೂಕ, ಯಾವ ಗಾಡಿ ಎಷ್ಟು ಎಳೆಯಬಹುದು, ಎಲ್ಲವೂ ಅದರಲ್ಲಿತ್ತು. ನನ್ನ ಕಣ್ಣು ಒಂದು ಉದ್ದ ಬೆನ್ನಿನ ಡೀಸೆಲ್ ಕಾರಿನ ಮೇಲೆ. ತಗ್ಗಾಗಿ, ನಯವಾಗಿ, ಒಂದು ಲೀಟರಿಗೆ ಜೀಪಿನ ಎರಡರಷ್ಟು ಓಡುವಂಥದ್ದು. ಗಾಡಿ ಎಂದರೆ ಎಷ್ಟು ಕೊಡುತ್ತೆ ಎಂದು ಮೊದಲು ಕೇಳುವ ಊರಿನವನು ನಾನು.

"ಮಾವ, ಎಳೆಯೋ ಗಾಡಿ ಭಾರ ಇರಬೇಕು. ಇಲ್ಲಾಂದ್ರೆ ಇಳಿಜಾರಲ್ಲಿ ಟ್ರೇಲರ್ ಹೇಳಿದ ಕಡೆ ನಾವು ಹೋಗಬೇಕಾಗುತ್ತೆ" ಎಂದರು ಅಳಿಯಂದಿರು.

"ದಿನಾ ಲೀಕ್ಸ್‌ಲಿಪ್‌ಗೆ ಹೋಗಿಬರೋಕೆ ಆನೆ ಯಾಕೆ ಅಳಿಯಂದ್ರೆ? ವರ್ಷಕ್ಕೆ ನಾಲ್ಕು ಮದುವೆ ಇರುತ್ತೆ ಅಂತ ದಿನಾ ಜರಿಪಂಚೆ ಉಟ್ಕೊಂಡು ಆಫೀಸಿಗೆ ಹೋಗ್ತೀರಾ?" ಎಂದೆ ನಾನು.

ಎಲ್ಲರೂ ನಕ್ಕರು, ಅವರೂ ನಕ್ಕರು. ಮಗಳು, ಅಪ್ಪನಿಗೆ ಕುದುರೆ ಗೊತ್ತು, ಅಪ್ಪ ಹೇಳಿದ್ದೇ ಸರಿ ಎಂದಳು. ಅವರು ಲ್ಯಾಪ್‌ಟಾಪ್ ಮುಚ್ಚಿದರು.

ನಿಜ ಹೇಳಬೇಕು. ನನಗೆ ಆ ಕಾರು ಅಷ್ಟೇನೂ ಬೇಕಾಗಿರಲಿಲ್ಲ. ಆ ಮನೆಯಲ್ಲಿ ಮಗಳು ಓದಿದವಳು, ಅಳಿಯ ಇನ್ನೂ ಓದಿದವರು. ಬ್ಯಾಂಕಿನ ಕಾಗದ, ಮನೆಯ ಕಾಗದ, ಫೋನಿನ ರಿಪೇರಿ, ಎಲ್ಲಕ್ಕೂ ನಾನು ಅವರನ್ನೇ ಕೇಳಬೇಕು. ಕುದುರೆಯ ವಿಷಯವೊಂದರಲ್ಲಿ ಮಾತ್ರ ಅವರು ನನ್ನನ್ನು ಕೇಳಬೇಕಾಗಿತ್ತು. ಅಲ್ಲೂ ಒಂದು ಪಟ್ಟಿ ಬಂದು ಕೂತದ್ದು ನನಗೆ ಸಹಿಸಲಾಗಲಿಲ್ಲ.

ಕಾರು ಬಂತು. ಹೆಂಡತಿ ಬಾನೆಟ್ಟಿಗೆ ಕುಂಕುಮ ಹಚ್ಚಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಳು. ಪಕ್ಕದ ಹೊಲದ ರೈತ, ನಾವು ಕುದುರೆ ಕಟ್ಟಲು ಜಾಗ ಬಾಡಿಗೆಗೆ ಪಡೆದಿದ್ದವನು, ಗೇಟಿನ ಮೇಲೆ ಮೊಣಕೈ ಊರಿ ನೋಡುತ್ತಿದ್ದ. ನಿಂಬೆಹಣ್ಣು ಸರಿ, ಜೊತೆಗೆ ಕುಡಿಯಲು ಜಿನ್ ಎಲ್ಲಿ ಎಂದು ಕೇಳಿದ. ಹತ್ತಿರದ ಓಡಾಟಕ್ಕೆಲ್ಲ ಆ ಕಾರು ಚೆನ್ನಾಗಿಯೇ ಎಳೆಯಿತು. ನಾನು ಗೆದ್ದೆ ಎಂದುಕೊಂಡೆ.

ಆ ವರ್ಷ ಬೇಸಿಗೆಯಲ್ಲಿ ಮಗಳ ಹೆಣ್ಣುಕುದುರೆ ಕಾರ್ಕ್ ಕಡೆಯ ಒಂದು ದೊಡ್ಡ ಸ್ಪರ್ಧೆಗೆ ಆಯ್ಕೆಯಾಯಿತು. ಮೂರು ದಿನದ ಪಂದ್ಯ. ವರ್ಷ ತುಂಬಿದ ಮೊಮ್ಮಗಳನ್ನು ಹೆಂಡತಿಯ ಹತ್ತಿರ ಬಿಟ್ಟು ನಾವು ಮೂವರು ಹೊರಡುವುದೆಂದಾಯಿತು. ಬೆಳಗ್ಗೆ ಆರು ಗಂಟೆ, ಹುಲ್ಲಿನ ಮೇಲೆ ಇಬ್ಬನಿ. ಹೆಂಡತಿ ಎದ್ದು ಪುಳಿಯೋಗರೆ, ಮೊಸರನ್ನ ಕಟ್ಟಿದ್ದಳು. ಕಾರಿನ ಹಿಂಭಾಗದಲ್ಲಿ ಕುದುರೆಯ ಮೇವಿನ ನಾಲ್ಕು ಚೀಲ, ನೀರಿನ ಎರಡು ಕ್ಯಾನು, ಜೀನು ಪಟ್ಟಿಗಳ ಕಬ್ಬಿಣದ ಟ್ರಂಕು. ಕೊಂಡಿ ಸಿಕ್ಕಿಸಿ ಕುದುರೆಯನ್ನು ಬಾಕ್ಸಿಗೆ ಹತ್ತಿಸಿದೆವು. ಹತ್ತಿಸಿದ್ದೇ ಕಾರಿನ ಹಿಂಭಾಗ ಕುಸಿದು ಕೂತಿತು. ಮೂತಿ ಆಕಾಶ ನೋಡುತ್ತಿತ್ತು.

ಅಳಿಯಂದಿರು ಅದನ್ನು ನೋಡಿದರು. "ಒಂದ್ನಿಮಿಷ ಮಾವ, ಕೊಂಡಿ ಮೇಲೆ ಎಷ್ಟು ತೂಕ ಬೀಳ್ತಿದೆ ನೋಡ್ಬಿಡ್ತೀನಿ" ಎಂದು ಮನೆಯೊಳಗೆ ಹೋದರು. ತರಬೇತಿಯಲ್ಲಿ ಅವರಿಗೆ ಹೇಳಿಕೊಟ್ಟಿದ್ದರು. ಸ್ನಾನದ ಮನೆಯಲ್ಲಿ ನಾವು ಮೈತೂಕ ನೋಡುವ ತಕ್ಕಡಿಯನ್ನೇ ತಂದು, ಅದರ ಮೇಲೆ ಮರದ ತುಂಡು ನಿಲ್ಲಿಸಿ, ಟ್ರೇಲರಿನ ಮೂತಿಯನ್ನು ಅದರ ಮೇಲೆ ಇಳಿಸಿ ನೋಡುವುದು.

ಅವರು ಒಳಗಿದ್ದ ಆ ಮೂರು ನಾಲ್ಕು ನಿಮಿಷ. ಕುಸಿದ ಕಾರನ್ನು ನೋಡಿದರೆ ಯಾರು ಸರಿ ಯಾರು ತಪ್ಪು ಎಂದು ಪಕ್ಕದ ರೈತನಿಗೂ ತಿಳಿಯುತ್ತಿತ್ತು, ಅವನು ನಮ್ಮನ್ನು ಕಳಿಸಿಕೊಡಲು ಗೇಟಿನ ಹತ್ತಿರ ಬರುತ್ತಿದ್ದ. ನನ್ನ ಕಣ್ಣಿಗೆ ಅದು ಮುಂಭಾರ. ನಾನು ಚೀಲಗಳನ್ನು ಒಂದೊಂದಾಗಿ ಹೊತ್ತು ಬಾಕ್ಸಿನ ಖಾಲಿ ಅರ್ಧದಲ್ಲಿ, ಹಿಂದಿನ ಬಾಗಿಲಿಗೆ ಆನಿಸಿದ ಹಾಗೆ ಒಟ್ಟಿದೆ. ನೀರಿನ ಕ್ಯಾನುಗಳನ್ನೂ ಅಲ್ಲಿಗೆ ಎಳೆದೆ. ಟ್ರಂಕನ್ನೂ. ಮಗಳು ಮುಂದಿನ ಪುಟ್ಟ ಬಾಗಿಲಲ್ಲಿ ನಿಂತು ಕುದುರೆಗೆ ಹುಲ್ಲಿನ ಬಲೆ ಕಟ್ಟುತ್ತಿದ್ದಳು, ನಡುವಿನ ಹಲಗೆಯಿಂದಾಗಿ ಅವಳಿಗೆ ಕಾಣಲಿಲ್ಲ. ಹಿಂದಿನ ಬಾಗಿಲನ್ನು ಎತ್ತಿ ಮುಚ್ಚಿದೆ. ಕಾರಿನ ಬೆನ್ನು ಎದ್ದಿತು, ಗಾಡಿ ಸಮವಾಗಿ ನಿಂತಿತು. ಅಪ್ಪ ನೋಡಿದ್ದರೆ ಶಹಭಾಸ್ ಎನ್ನುತ್ತಿದ್ದ ಎಂದು ಮನಸ್ಸಿನಲ್ಲೇ ಬೀಗಿದೆ.

ಅಳಿಯಂದಿರು ಒಂದು ಕೈಯಲ್ಲಿ ತಕ್ಕಡಿ, ಒಂದು ಕೈಯಲ್ಲಿ ಮರದ ತುಂಡು ಹಿಡಿದು ಬಂದರು.

"ಏನು ಅಳಿಯಂದ್ರೆ, ಹಾರ್ಸ್‌ಬಾಕ್ಸ್ ಡಯಟ್ ಮಾಡ್ತಾ ಇದೆಯಾ?" ಎಂದೆ. ರೈತನಿಗೂ ತಿಳಿಯಲೆಂದು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಗೇಟು ಬಡಿದು ನಕ್ಕ. ಮಗಳೂ ನಕ್ಕಳು. ಅಳಿಯಂದಿರು ಕಾರಿನ ಕಡೆ ನೋಡಿದರು. ಅದು ನೆಟ್ಟಗಿತ್ತು.

"ಈಗ ಸರಿ ಕಾಣ್ತಿದೆ ಅಲ್ವಾ?" ಎಂದರು, ಸ್ವಲ್ಪ ಗೊಂದಲದಿಂದ.

"ಕುದುರೆ ಸರಿದು ನಿಂತ್ಕೊಂಡಿದೆ, ಅಷ್ಟೇ. ಹೊರಡಿ, ಹೊತ್ತಾಯ್ತು."

ಅವರು ನಾಚಿಕೊಂಡು ತಕ್ಕಡಿಯನ್ನು ಒಳಗಿಟ್ಟು ಬಂದರು. ಅದನ್ನು ಒಂದು ಸಲ ಕೆಳಗಿಟ್ಟು ನೋಡಿದ್ದರೆ ಸಾಕಿತ್ತು. ಕೊಂಡಿಯ ಮೇಲೆ ಭಾರವೇ ಇಲ್ಲ ಎಂದು ಅದು ತೋರಿಸಿಬಿಡುತ್ತಿತ್ತು. ಜಟಕಾಕ್ಕೆ ಒಳ್ಳೆಯದಾದದ್ದು ಮೋಟಾರು ಎಳೆಯುವ ಬಾಕ್ಸಿಗೆ ವಿಷ ಎಂದು ನನಗೆ ಆಗ ಗೊತ್ತಿರಲಿಲ್ಲ. ಮುಂದೆ ಭಾರ ಇಲ್ಲದ ಟ್ರೇಲರ್ ಹಾವಿನ ಹಾಗೆ ಬಾಲ ಬೀಸುತ್ತದೆ. ಗೊತ್ತಿಲ್ಲದೆ ಮಾಡಿದ್ದಕ್ಕೆ ನನಗೆ ಇಷ್ಟು ಸಂಕಟವಿಲ್ಲ. ಗೊತ್ತಿದ್ದವರನ್ನು ನಗಾಡಿ ತಡೆದೆನಲ್ಲ, ಅದಕ್ಕೆ.

ಮೊದಲ ಒಂದು ಗಂಟೆ ಸುಖವಾಗಿತ್ತು. ಪುಳಿಯೋಗರೆಯ ಡಬ್ಬಿ ತೆರೆದೆವು. ಮಗಳು ಯಾವುದೋ ಹಳೆಯ ಹಾಡು ಗುನುಗುತ್ತಿದ್ದಳು. ಹೆದ್ದಾರಿಯ ಒಂದು ಉದ್ದನೆಯ ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿತು. ಅದರ ಗಾಳಿಗೆ ಬಾಕ್ಸು ಒಮ್ಮೆ ತೂಗಿತು. ಇನ್ನೊಮ್ಮೆ ತೂಗಿದಾಗ ಹಿಂದಿನ ಸೀಟಿನಲ್ಲಿದ್ದ ನನ್ನನ್ನು ಯಾರೋ ಬೆನ್ನು ಹಿಡಿದು ಎಳೆದಂತಾಯಿತು. ಅಳಿಯಂದಿರು ಬ್ರೇಕ್ ಒತ್ತಿದರು. ಬಾಕ್ಸು ಎಡಕ್ಕೆ ಬೀಸಿ ಕಬ್ಬಿಣದ ತಡೆಗೋಡೆಗೆ ಬಡಿದು, ಅದಕ್ಕೇ ಒರಗಿ ನಿಂತಿತು. ನಮಗೆ ಯಾರಿಗೂ ಏನೂ ಆಗಲಿಲ್ಲ. ಒಳಗೆ ಕುದುರೆ ಬಿದ್ದಿತ್ತು. ಅದರ ಕಾಲುಗಳು ಹಲಗೆಗೆ ಬಡಿಯುವ ಸದ್ದು ಕೇಳುತ್ತಿತ್ತು.

ಮಗಳು ಓಡಿಹೋಗಿ ಒಳಗೆ ನುಗ್ಗಿದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಏನು ಮಾಡಿದೆ ಎಂದು ಗಂಡನನ್ನು ಇಂಗ್ಲಿಷಿನಲ್ಲಿ ಕೇಳಿದಳು. "ಗೊತ್ತಿಲ್ಲ. ಬ್ರೇಕ್ ಹಾಕಿದೆ ಅನ್ಸುತ್ತೆ" ಎಂದರು.

ಆಗ ಅವಳು ನನ್ನ ಕಡೆ ತಿರುಗಿದಳು. ಕುದುರೆಯ ಮಾತು ಬಂದಾಗಲೆಲ್ಲ ಅವಳು ನನ್ನ ಕಡೆಗೇ ತಿರುಗುತ್ತಿದ್ದದ್ದು.

"ಬ್ರೇಕ್ ಹಾಕಬಾರದಾಗಿತ್ತು ಅಳಿಯಂದ್ರೆ" ಎಂದೆ ನಾನು.

ನಾನು ಆಡಿದ್ದು ಅಷ್ಟೇ. ಅದು ಸುಳ್ಳೂ ಅಲ್ಲ, ಬ್ರೇಕ್ ಹಾಕಬಾರದಾಗಿತ್ತು. ಆದರೆ ಅಷ್ಟು ಹೊತ್ತಿಗೆ ನನಗೆ ಚೀಲಗಳ ನೆನಪು ಬಂದಿತ್ತು. ಪೊಲೀಸರನ್ನು ಇಲ್ಲಿ ಗಾರ್ಡ ಎನ್ನುತ್ತಾರೆ. ಗಾರ್ಡ ಬಂದು ಅಳಿಯಂದಿರ ಲೈಸೆನ್ಸ್ ನೋಡಿ, ನಡೆದದ್ದನ್ನು ಬರೆದುಕೊಳ್ಳುತ್ತಿದ್ದ. ಮಗಳು ಕುದುರೆಯನ್ನು ರಸ್ತೆ ಬದಿಯ ಹುಲ್ಲಿಗೆ ಇಳಿಸಿ ಅದರ ಕಾಲು ತಡವುತ್ತಿದ್ದಳು, ಕುದುರೆ ಬಿಟ್ಟು ಬೇರೇನೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಬಾಕ್ಸಿನೊಳಗೆ ಹೋಗಿ ನಾಲ್ಕು ಚೀಲ, ಎರಡು ಕ್ಯಾನು, ಟ್ರಂಕು, ಎಲ್ಲವನ್ನೂ ಹೊತ್ತು ತಂದು ಕಾರಿನ ಹಿಂಭಾಗದಲ್ಲಿ ಮೊದಲಿದ್ದ ಹಾಗೆಯೇ ಜೋಡಿಸಿದೆ. ಈ ವಯಸ್ಸಿನಲ್ಲಿ ಎಷ್ಟು ಧೈರ್ಯದಿಂದ ಸಹಾಯ ಮಾಡುತ್ತಿದ್ದೀರಿ ಎಂದು ಆ ಗಾರ್ಡ ನನ್ನ ಬೆನ್ನು ತಟ್ಟಿದ.

ಕುದುರೆ ಬದುಕಿತು, ಆದರೆ ಮುಂಗಾಲಿನ ನರ ಹರಿದಿತ್ತು. ಮತ್ತೆ ಎಂದೂ ಬೇಲಿ ಹಾರಲಿಲ್ಲ. ಹೊಲದಲ್ಲಿ ಮೇಯುತ್ತ ಐದು ವರ್ಷ ಇದ್ದು, ಒಂದು ಚಳಿಗಾಲ ತೀರಿಹೋಯಿತು. ಮಗಳು ಇನ್ನೊಂದು ಸ್ಪರ್ಧೆಯ ಕುದುರೆಯನ್ನು ತರಲಿಲ್ಲ. ಕಾಗದದ ಮೇಲೆ ಕಾರು ಎಳೆಯಬಹುದಾದ ತೂಕದ ಒಳಗೇ ನಾವಿದ್ದೆವು. ಆದ್ದರಿಂದ ಕಾರಿನ ತಪ್ಪೆಂದೂ ಆಗಲಿಲ್ಲ. ಓಡಿಸಿದವರ ತಪ್ಪು ಎಂದಾಯಿತು.

ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತೇನೋ. ಅದು ಮನೆಯ ತಮಾಷೆಯಾಗಿ ಉಳಿಯಿತು. ಯಾರಾದರೂ ನೆಂಟರು ಊಟಕ್ಕೆ ಬಂದರೆ ಮಗಳು, ಕಂಪ್ಯೂಟರ್ ಮುಂದೆ ನಮ್ಮವರು ಗ್ರ್ಯಾಂಡ್, ಕುದುರೆಯಿಂದ ಮಾತ್ರ ದೂರ ಇಡಬೇಕು ಎನ್ನುತ್ತಿದ್ದಳು. ಅವಳ ಮಾತಿನಲ್ಲಿ ವಿಷ ಇರಲಿಲ್ಲ. ಅಳಿಯಂದಿರು ನಗುತ್ತ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದರು. ನಾನೂ ನಗುತ್ತಿದ್ದೆ. ಅವರು ಮತ್ತೆ ಟ್ರೇಲರ್ ಎಳೆಯಲಿಲ್ಲ. ಹೊಲಕ್ಕೆ ಬರುವುದೂ ನಿಂತಿತು. ಬೇಲಿಯ ಈಚೆ ನಿಂತು ಆ ಕುಂಟು ಕುದುರೆಯನ್ನು ನೋಡಿ ಹೊರಟುಹೋಗುತ್ತಿದ್ದರು. ಒಮ್ಮೆ ಮಾತ್ರ ನನ್ನೊಡನೆ, "ಮಾವ, ನಾನು ಅಷ್ಟೊಂದು ಜೋರಾಗಿ ಒತ್ತಲಿಲ್ಲ ಅಂತ ನನಗೆ ಅನ್ಸುತ್ತೆ. ಆದ್ರೆ ನೆನಪಾಗಲ್ಲ" ಎಂದರು. ನಾನು ಗಟ್ಟಿಯಾಗಿ ಕೆಮ್ಮಿ ಮಾತು ಬದಲಿಸಿದೆ.

ಹೆಂಡತಿಗೆ ಗೊತ್ತಿತ್ತು. ಅವತ್ತು ಬೆಳಗ್ಗೆ ಮಗುವನ್ನು ಎತ್ತಿಕೊಂಡು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದವಳು ನಾನು ಚೀಲ ಹೊರುವುದನ್ನು ನೋಡಿದ್ದಳು. ಅದರಿಂದ ಏನಾಗುತ್ತದೆ ಎಂದು ಅವಳಿಗೇನು ಗೊತ್ತು. ಆಮೇಲೆ ನನ್ನ ಮುಖ ನೋಡಿ ತಿಳಿದುಕೊಂಡಳು. ಹೇಳಿಬಿಡಿ ಎಂದು ನಾಲ್ಕು ವರ್ಷ ಹೇಳಿದಳು.

ನಾನು ಅವಳಿಗೆ ಹೇಳುತ್ತಿದ್ದ ನೆಪ ಇದು. ದೊಡ್ಡವರು ಚಿಕ್ಕವರ ಕ್ಷಮೆ ಕೇಳಿದರೆ ಚಿಕ್ಕವರ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಲ್ಲಿ ಮಾತಿದೆ. ದೊಡ್ಡವರು ಬಾಯಿತಪ್ಪಿ ಹಾಗೆಂದರೂ ಚಿಕ್ಕವರು ಹೆದರಿ, ಬೇಡಿ ಬೇಡಿ ಎಂದು ಕೈಹಿಡಿದು ತಡೆಯುತ್ತಾರೆ. ಅದರಲ್ಲೂ ಅಳಿಯ. ಮಾವ ಅಳಿಯನ ಮುಂದೆ ಕೈಮುಗಿದರೆ ಮಗಳ ಮಾಂಗಲ್ಯಕ್ಕೇ ಒಳ್ಳೆಯದಲ್ಲ ಎನ್ನುತ್ತಿದ್ದೆ. ಅವಳು ಒಂದು ದಿನ ಬಟಾಣಿ ಬಿಡಿಸುತ್ತ ಕೂತವಳು ತಲೆಯೆತ್ತದೆ, "ಹಂಗಾದ್ರೆ ಸುಳ್ಳು ಹೊರಿಸಿದ್ರೆ ಅವರ ಆಯುಸ್ಸು ಜಾಸ್ತಿ ಆಗುತ್ತಾ?" ಎಂದಳು. ಅವಳು ಹೋಗಿ ಮೂರು ವರ್ಷವಾಯಿತು. ಈಗಲೂ ಬಟಾಣಿ ಬಿಡಿಸುವಾಗ ಆ ಮಾತು ಕೇಳಿಸುತ್ತದೆ. ಈಗ ಬಿಡಿಸುವವನು ನಾನು.

ಮೊಮ್ಮಗಳಿಗೆ ಈಗ ಎಂಟು ವರ್ಷ. ಅವಳಿಗೆ ಒಂದು ಪುಟ್ಟ ಬಿಳಿಯ ಪೋನಿ ಇದೆ. ತಿಂಗಳಿಗೆ ಎರಡು ಭಾನುವಾರ ಅದನ್ನು ಎಲ್ಲಿಗಾದರೂ ಕರೆದೊಯ್ಯಬೇಕು. ಇಷ್ಟು ದಿನ ಪಕ್ಕದ ರೈತ ತನ್ನ ಜೀಪಿನಲ್ಲಿ ಎಳೆದುಕೊಡುತ್ತಿದ್ದ. ಅವನಿಗೆ ಮಂಡಿ ಆಪರೇಷನ್ ಆಯಿತು. ಹಾಗಾಗಿ ಮತ್ತೆ ಅದೇ ಪ್ರಶ್ನೆ, ಎಳೆಯಲೂ ದಿನದ ಓಡಾಟಕ್ಕೂ ಆಗುವ ಒಂದು ಗಾಡಿ. ಈಗ ಬ್ಯಾಟರಿಯ ಕಾರುಗಳು ಬಂದಿವೆ. ಟ್ರೇಲರ್ ಕಟ್ಟಿದರೆ ಅರ್ಧ ದಾರಿಗೇ ಚಾರ್ಜಿಗೆ ನಿಲ್ಲುತ್ತವೆ ಎಂದು ಮಗಳು ಓದಿ ಹೇಳಿದಳು. ಎರಡೇ ಸೀಟಿನ ಜೀಪುಗಳಿವೆ. ಅವು ವ್ಯಾಪಾರಕ್ಕೆಂದು ಕಡಿಮೆ ತೆರಿಗೆ ಕಟ್ಟುವ ಗಾಡಿಗಳು, ಮಗುವನ್ನು ಶಾಲೆಗೆ ಬಿಡಲು ಬಳಸುವ ಹಾಗಿಲ್ಲ. ಹೀಗೆ ಊಟದ ಹೊತ್ತಿನಲ್ಲೆಲ್ಲ ಮಾತು. ಅಳಿಯಂದಿರು ತಟ್ಟೆ ನೋಡಿಕೊಂಡು ಊಟ ಮಾಡುತ್ತಾರೆ. ಯಾವ ಪಟ್ಟಿಯನ್ನೂ ತೆರೆಯುವುದಿಲ್ಲ.

ಶನಿವಾರ ನಾಲ್ವರೂ ಹೋದೆವು. ಮಾರುವವನು ಸಾಲಾಗಿ ನಿಲ್ಲಿಸಿದ್ದ ಗಾಡಿಗಳ ನಡುವೆ ನಡೆಸುತ್ತ, ಏನು ಎಳೆಯಬೇಕು, ಎಷ್ಟು ತೂಕ, ಯಾರು ಓಡಿಸುವುದು ಎಂದು ಕೇಳಿದ. ಮಗಳು, ತಾನೇ ಪರೀಕ್ಷೆ ಕೊಡುತ್ತೇನೆ ಎಂದಳು. ಮಾರುವವನು ಅಳಿಯಂದಿರ ಕಡೆ ನೋಡಿದ. ಅವರು ಉತ್ತರಿಸುವ ಮೊದಲೇ ಮೊಮ್ಮಗಳು ತನ್ನ ಐರಿಷ್ ರಾಗದ ಇಂಗ್ಲಿಷಿನಲ್ಲಿ, ಡ್ಯಾಡಿ ಟ್ರೇಲರ್ ಎಳೆಯುವುದಿಲ್ಲ, ನಾನು ಪಾಪು ಇದ್ದಾಗ ಅಮ್ಮನ ಕುದುರೆಯನ್ನು ಬೀಳಿಸಿದ್ದರು ಎಂದಳು. ಮಳೆ ಬರುತ್ತದೆ, ಬಿಸಿಲು ಬರುತ್ತದೆ ಎಂದು ಹೇಳುವ ಹಾಗೆ ಹೇಳಿದಳು. ಹುಟ್ಟಿದಾಗಿನಿಂದ ಕೇಳಿದ ಮಾತು.

ಅಳಿಯಂದಿರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಮಾವ, ನೀವೇ ನೋಡಿ ಹೇಳ್ಬಿಡಿ. ನನಗೆ ಇದೆಲ್ಲ ಗೊತ್ತಾಗಲ್ಲ" ಎಂದರು.

ಗೊತ್ತಿದ್ದವರು ಅವರೊಬ್ಬರೇ. ಅವರ ಬಾಯಿಂದ ಆ ಮಾತು ಬಂತು. ಮಗಳ ಎದುರಿಗೆ ಅವರ ತಲೆ ತಗ್ಗಿದ್ದನ್ನು ನಾನು ಏಳು ವರ್ಷ ನೋಡಿದ್ದೆ. ಇನ್ನು ಮುಂದೆ ಅವರ ಮಗಳ ಎದುರಿಗೂ.

ಅಲ್ಲೇ ಹೇಳಿಬಿಟ್ಟೆ ಎಂದು ಬರೆಯಲು ಆಸೆಯಾಗುತ್ತದೆ. ಹೇಳಲಿಲ್ಲ. ಏಳು ವರ್ಷದ ಹಿಂದೆ ಅವರು ಪಟ್ಟಿಯಲ್ಲಿ ಬರೆದಿದ್ದಂಥದ್ದೇ ಒಂದು ಜೀಪನ್ನು, ಐದು ಸೀಟಿನದನ್ನು, ತೋರಿಸಿ ಇದೇ ಇರಲಿ ಎಂದೆ. ಅಪ್ಪನ ಆಯ್ಕೆ ಯಾವಾಗಲೂ ಸರಿ ಎಂದು ಮಗಳು ನನ್ನ ತೋಳು ಹಿಡಿದುಕೊಂಡಳು. ಆ ಹೊಗಳಿಕೆಯನ್ನೂ ನಾನು ಇಟ್ಟುಕೊಂಡೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಮಾರನೇ ದಿನ ಮೊಮ್ಮಗಳ ಶಾಲೆಯ ನೋಟ್‌ಬುಕ್ ಒಂದನ್ನು ಕೇಳಿ ತಂದು ಬರೆಯಲು ಕೂತೆ.

ಜೀಪು ನಾಳೆ ಬರುತ್ತದೆ. ಇಂದು ಸಂಜೆ ಇದನ್ನು ಅಳಿಯಂದಿರ ಕೈಗೆ ಕೊಡುತ್ತೇನೆ. ಮಗಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವಳಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಅದನ್ನು ಹೊಡೆದುಹಾಕಿದ್ದೇನೆ. ಅದೂ ಅವರ ಹೆಗಲಿಗೇ ಹಾಕಿದಂತೆ. ಮಗಳಿಗೂ ಮೊಮ್ಮಗಳಿಗೂ ನಾನೇ ಬಾಯಿಬಿಟ್ಟು ಹೇಳುತ್ತೇನೆ, ಅವರು ಓದಿ ಮುಗಿಸಿದ ಮೇಲೆ, ಅವರ ಎದುರಿಗೇ. ಆಯುಸ್ಸಿನ ಮಾತು ಸುಳ್ಳಾಗಲಿ. ಅದು ನಿಜವೇ ಆಗಿದ್ದರೆ ನನ್ನ ಲೆಕ್ಕದಲ್ಲಿ ಉಳಿದಿರುವ ದಿನಗಳು ಅವರಿಗೆ ಹೋಗಲಿ.

ಈ ಮನೆಯಲ್ಲಿ ಈಗ ಕನ್ನಡ ಓದಬಲ್ಲವರು ನನ್ನನ್ನು ಬಿಟ್ಟರೆ ಒಬ್ಬರೇ. ತಪ್ಪಾಯಿತು ಎಂಬ ಮಾತನ್ನು ನಾನು ಹೇಳದೆ ಬಾಕಿ ಉಳಿಸಿಕೊಂಡದ್ದೂ ಅವರೊಬ್ಬರಿಗೇ, ನನ್ನ ಮಗಳ ಗಂಡನಿಗೆ, ನನ್ನ ಅಳಿಯನಿಗೆ.